ಹ್ಞೂಂ

ದ್ಯಾವೀರಮ್ಮನ ಬೆರಳು ಗಾಜಿಗೆ ಗುರುತಿಲ್ಲ.
ಒತ್ತುತ್ತಾರೆ, ಏನೂ ಆಗುವುದಿಲ್ಲ.
ನಾಲಿಗೆಗೆ ಮುಟ್ಟಿಸಿ ಮತ್ತೆ ಒತ್ತುತ್ತಾರೆ,
ಟಿಕೆಟ್ ಹರಿಯುವ ಕಂಡಕ್ಟರನ ಹಾಗೆ.

ಮೂವತ್ತೊಂದು ವರ್ಷ ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸಿನಲ್ಲಿ
ಕಾಫಿಬೀಜ ಆರಿಸಿ ಸವೆದ ಬೆರಳು:
ಕಪ್ಪು, ಒಡಕು, ಹುಳ ಕೊರೆದದ್ದು ಆಚೆಗೆ.
ಕಣ್ಣು ಮಾತ್ರ ಪಕ್ಕದವಳ ಕತೆಯ ಮೇಲೆ.

ಅಕ್ಷರ ದೊಡ್ಡದಾಗಬೇಕು, ಎಂದು ಬರೆದುಕೊಂಡೆ.
"ಅಕ್ಷರ ಕಾಣ್ತದೆ ಕಣಪ್ಪ.
ಒತ್ತಿದ್ದೇ ಗೊತ್ತಾಗಲ್ಲ.
ಬೀಜ ಆದ್ರೆ ಹ್ಞೂಂ ಅನ್ನುತ್ತೆ.
ಇದು ಮುನಿಸ್ಕೊಂಡ ಬೀಗಿತ್ತಿ ಥರ
ಮಿರಮಿರ ಅಂತ ಕೂತಿರುತ್ತೆ, ಮಾತಿಲ್ಲ."

ಮಾತಾಡಲಿ ಎಂದು ಬೆರಳನ್ನು ಹಾಗೇ ಊರಿ ಹಿಡಿದರು.
ಎರಡು ಸೆಕೆಂಡು. ಮೂರು.
ಗಾಜು ಬಾಯಿಬಿಟ್ಟಿತು:
ಎಲ್ಲವನ್ನೂ ಅಳಿಸಲೇ?

ಆ ಪ್ರಶ್ನೆ ಬರೆದವನು ನಾನೇ.

ಐ.ಜಿ. ರಸ್ತೆಯ ರೂಮಿನಲ್ಲಿ ಆ ರಾತ್ರಿ
ಹಳೇ ರೇಡಿಯೋದ ತಿರುಪು, ಕರೆಗಂಟೆಯ ಸ್ಪ್ರಿಂಗು,
ಟೈಪ್‌ರೈಟರಿನ ಎರಡು ಕೀಲಿ ಬಿಚ್ಚಿಟ್ಟುಕೊಂಡು
ದೀಪ ಆರಿಸಿ ಒತ್ತಿ ನೋಡಿದೆ.

ಸೋಮವಾರ ಹನ್ನೊಂದು ಗುಂಡಿ ಒಯ್ದೆ.
ದ್ಯಾವೀರಮ್ಮ ಒಳಗಿಂದ ಮೊರ ತರಿಸಿ
ಸುರಿ ಅಂದರು.
ನನ್ನ ಊರು, ಸಂಬಳ, ಮದುವೆ ವಿಚಾರಿಸುತ್ತಲೇ
ಒಂಬತ್ತನ್ನು ಆಚೆ ತಳ್ಳಿದರು.