ನಾಲ್ಕು ನಿಮಿಷ ಹತ್ತು ಸೆಕೆಂಡು

ಡಂಡೀ ಊರಿನ ನಗರಸಭೆಯ ಮನೆಗಳಲ್ಲಿ
ಬಾಡಿಗೆಗಿರುವವರ ದೂರು ಬರೆದುಕೊಳ್ಳುವ ಕೆಲಸ ನನ್ನದು.
ಕಿವಿಗೆ ಹೆಡ್‌ಫೋನು, ಎದುರಿಗೆ ಪರದೆ,
ಪರದೆಯ ತುಂಬ ಚೌಕಗಳು:
ನಲ್ಲಿ. ಬಾಯ್ಲರ್. ಬೀಗ. ಗೋಡೆಯ ಬೂಷ್ಟು.
ಚೌಕದೊಳಗೆ ಹಿಡಿಸುವಷ್ಟು ಸಂಕಟವನ್ನು ಮಾತ್ರ
ಕೇಳಿಸಿಕೊಳ್ಳಲು ಕಲಿತಿದ್ದೆ.

ವಿಲ್ಮಾ ಗೆಡ್ಡಿಸ್, ಒಂಬತ್ತನೆಯ ಮಹಡಿ.
ಬಚ್ಚಲಲ್ಲಿ ಹಿಡಿದೇಳುವ ಸರಳು ಸಡಿಲಾಗಿದೆಯೆಂದು
ಫೆಬ್ರವರಿಯಿಂದ ಹೇಳುತ್ತಿದ್ದಳು.
ಮೂರು ಸಲ ಗ್ರೆಗರನನ್ನು ಕಳಿಸಿದೆ.
ಮೂರು ಸಲವೂ ಪರದೆ ಹೇಳಿತು:
ಮನೆಯಲ್ಲಿ ಯಾರೂ ಇರಲಿಲ್ಲ. ದೂರು ಮುಕ್ತಾಯ.

"ಇರಲಿಲ್ಲವೆ?" ಅಂದಳು ನಾಲ್ಕನೆಯ ಸಲ.
ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಹೆದರಿದೆ.
"ಲಿಫ್ಟು ಕೆಟ್ಟು ಮೂರು ವಾರ, ಮಗೂ.
ನಾನೆಲ್ಲಿಗೆ ಹೋಗಿದ್ದೆನೆಂದು ಬರೆದಿದ್ದಾರೆ,
ಸ್ವಲ್ಪ ಓದು. ನನಗೂ ಗೊತ್ತಾಗಲಿ."

ಮಂಗಳವಾರ ನಾನೇ ಹೋದೆ.
ಟೇ ನದಿಯ ಮಂಜು ಐದನೆಯ ಮಹಡಿಯವರೆಗೂ ಹತ್ತಿತ್ತು,
ಉಳಿದ ನಾಲ್ಕು ನಾನೊಬ್ಬನೇ ಹತ್ತಿದೆ.
ತಟ್ಟಿದೆ.
ಒಳಗೆ ಏನೋ ಬಿತ್ತು, ಚಮಚವಿರಬೇಕು.
ಆಮೇಲೆ ಗಾಲಿಯ ಕಿರ್ರು.
ಆಮೇಲೆ ಏನೂ ಇಲ್ಲ, ಬಹಳ ಹೊತ್ತು ಏನೂ ಇಲ್ಲ.
ಗ್ರೆಗರ್ ಹೊರಟಿದ್ದು ಇಲ್ಲಿಗೇ ಇರಬೇಕು;
ದಿನಕ್ಕೆ ಹದಿನಾಲ್ಕು ಮನೆ ಅವನಿಗೆ,
ಅವನೂ ಮೂರು ಸಲ ಒಂಬತ್ತು ಮಹಡಿ ಹತ್ತಿದವನೇ.
ಬೈಯಲಾರದೆ ನಿಂತೆ.
ಮತ್ತೆ ಕಿರ್ರು. ಗೋಡೆಗೆ ಮೊಣಕೈ ತಾಗಿದ ಸದ್ದು.
"ಬಂದೆ," ಎಂಬ ಮಾತು, ಬಾಗಿಲಿಗಿಂತ ಬಹಳ ಹಿಂದೆ.
ಗಡಿಯಾರ ನೋಡಿಕೊಂಡೆ: ನಾಲ್ಕು ನಿಮಿಷ ಹತ್ತು ಸೆಕೆಂಡು.

"ಬಂದಿದ್ದೆವು, ನೀವಿರಲಿಲ್ಲ" ಎಂಬ ನೀಲಿ ಚೀಟಿ ಮೂರನ್ನೂ
ಮಡಚಿ, ಕುಂಟುವ ಮೇಜಿನ ಕಾಲಿಗೆ ಕೊಟ್ಟಿದ್ದಳು.
"ಅಷ್ಟಕ್ಕಾದರೂ ಬಂತು" ಎಂದು ನಕ್ಕಳು.
ಚಹಾ ಚೆಲ್ಲಲಿಲ್ಲ.

ಆಮೇಲಿನದು ಸಭೆಗಳ ಕತೆ.
ಸರಳು ಆರೈಕೆ ಇಲಾಖೆಯದಂತೆ,
ಅದರ ಸ್ಕ್ರೂ ರಿಪೇರಿ ಇಲಾಖೆಯದಂತೆ,
ಗೋಡೆ ಯಾರದೆಂದು ಇನ್ನೂ ತೀರ್ಮಾನವಾಗಿಲ್ಲ.
ಎತ್ತು ಏರಿಗೆ, ಕೋಣ ನೀರಿಗೆ.
ನಡುವೆ ವಿಲ್ಮಾ, ಒದ್ದೆ ನೆಲದ ಮೇಲೆ ಒಂದು ಕೈ ಊರಿ.

ಫಾರಮ್ಮಿಗೆ ಹೊಸದೊಂದು ಚೌಕ ಸೇರಿಸೋಣವೆಂದರು.
ಯಾರೋ ಬರೆದು ತಂದರು:
ನಿಮ್ಮ ಅಂಗವೈಕಲ್ಯದ ಸ್ವರೂಪವೇನು?
ಬಾಡಿಗೆದಾರರ ಪರವಾಗಿ ಬಂದಿದ್ದ ವಿಲ್ಮಾ
(ಲಿಫ್ಟು ಅಂದು ನಡೆಯುತ್ತಿತ್ತು)
ಕೆಂಪು ಪೆನ್ಸಿಲಿನಲ್ಲಿ ಗೀಟು ಹಾಕಿದಳು.
"ನನಗೇನಾಗಿದೆ ಎಂದು ನಲ್ಲಿಯವನಿಗೇಕೆ?
ಎಷ್ಟು ಹೊತ್ತು ಕಾಯಬೇಕು, ಅದನ್ನು ಕೇಳಿ."

ಏಳು ತಿಂಗಳು, ಐದು ರುಜು.
ಈಗ ಪರದೆಯ ಬಲಮೂಲೆಯಲ್ಲಿ ಬೆರಳುಗುರಿನಷ್ಟು ಜಾಗ:
ಬಾಗಿಲಿಗೆ ಬರಲು ಎಷ್ಟು ನಿಮಿಷ ಬೇಕು?
ಲಿಫ್ಟು ಮತ್ತೆ ಕೆಟ್ಟಿದೆ. ಬೂಷ್ಟು ಹಾಗೇ ಇದೆ.
ಸರಳು ಮಾತ್ರ ಗಟ್ಟಿ.

ನಿನ್ನೆ ಪಿರೀ ಎಂಬವರಿಗೆ ಕೇಳಿದೆ.
ಎಂಬತ್ತಾರು ವರುಷ, ಕಣ್ಣು ಕಾಣದು,
ಸೆಣಬಿನ ಗಿರಣಿಯ ಗದ್ದಲದಲ್ಲಿ ಕಿವಿಯನ್ನೂ ಅರ್ಧ ಕಳೆದುಕೊಂಡವರು.
ಎರಡು ಸಲ ಕೂಗಿ ಹೇಳಿದ ಮೇಲೆ
ಆ ಕಡೆ ಸುಮ್ಮನಾಯಿತು.
"ಇದನ್ನು ಯಾರೂ ಕೇಳಿರಲಿಲ್ಲವಲ್ಲ," ಅಂದರು,
"ಅಂದಾಜಿನಲ್ಲಿ ಹೇಳಬಾರದು. ತಡಿ, ಹೋಗಿ ನೋಡಿ ಬರುತ್ತೇನೆ."

ಫೋನು ಮೇಜಿನ ಮೇಲೆ ಇಟ್ಟ ಸದ್ದು.
ಕೋಲಿನ ಸದ್ದು, ದೂರವಾಗುತ್ತ.
ನನ್ನ ಪರದೆಯ ಮೇಲೆ ಕೆಂಪಗೆ ಏಳು ಕರೆಗಳು ಕಾದಿವೆ.
ಕೋಲು ಒಂದು ಕಡೆ ನಿಂತಿತು.
ಮತ್ತೆ ಹೊರಟಿತು.