ಕೇಳುಕೋಲು

ರಾತ್ರಿ ಎರಡು. ಹಾಕೊದಾತೆಯ ಕೊನೆಯ ಟ್ರಾಮು
ಷೆಡ್ಡು ಸೇರಿದ ಮೇಲೆ ನಮ್ಮ ಕೆಲಸ ಶುರು.
ಐದಡಿಯ ಉಕ್ಕಿನ ಕೋಲು, ತಲೆಗೊಂದು ಬಿಲ್ಲೆ.
ಒಂದು ತುದಿ ನೆಲಕ್ಕೆ, ಇನ್ನೊಂದು ಕಿವಿಗೆ.
ಡಾಂಬರಿನಡಿ ಎಲ್ಲೋ ನೀರಿನ ಪೈಪು ಸೋರುತ್ತಿದೆ,
ಎಲ್ಲಿ ಅಂತ ಹೇಳಬೇಕು, ಅಗೆಯದೆ.

ಮೊದಲ ವಾರ ಕೇಳಿದ್ದು ನನ್ನದೇ ನೆತ್ತರು.
ಆಮೇಲೆ ಕೇಳಿದ್ದೆಲ್ಲ ಸೋರಿಕೆಯೇ:
ಕಾಫಿ ಡಬ್ಬಿ ಮಾರುವ ಯಂತ್ರದ ಗುಂಯ್‌ಗುಡಿಕೆ,
ಚರಂಡಿಯ ಗೊಣಗಾಟ,
ಮೂರನೇ ಮಹಡಿಯಲ್ಲಿ ಯಾರೋ ಮಿಂದರೆ ಅದೂ.
ಹನ್ನೊಂದು ಕಡೆ ಸೀಮೆಸುಣ್ಣದ ಗುರುತು ಹಾಕಿದೆ.
ಮೇಸ್ತ್ರಿ ಅಕುತ್ಸು ಹಿಂದಿನಿಂದ ಬಂದು ಬೂಟಿನಲ್ಲಿ ಒರೆಸಿದರು,
ಹನ್ನೊಂದನ್ನೂ.

"ನೀನು ಹುಡುಕ್ತಾ ಇದೀಯ. ಹುಡುಕಿದರೆ ಸಿಕ್ಕೇ ಸಿಗುತ್ತೆ,
ಅದೇ ತೊಂದರೆ."
ಇಷ್ಟೇ ಪಾಠ. ಮತ್ತೆ ಮೂಗೊರೆಸಿಕೊಂಡು ನಡೆದರು.

ಫೆಬ್ರವರಿಯಲ್ಲಿ, ಮೀನುಪೇಟೆಯ ಹಿಂದೆ,
ಬೇಸತ್ತು ಕೋಲಿಗೆ ತಲೆಯಾನಿಸಿ ನಿಂತಿದ್ದೆ,
ಅರ್ಧ ನಿದ್ದೆ. ಬಂತು.
ಸದ್ದಿಗಿಂತ ಮೊದಲು ಅದರ ಹಟ.
ದೂರದ ಮನೆಯಲ್ಲಿ ಅಕ್ಕಿ ಜರಡಿ ಹಿಡಿದಂತೆ.
ಯಂತ್ರಕ್ಕೆ ನಡುನಡುವೆ ಬಿಡುವುಂಟು, ಚರಂಡಿಗೆ ಮರೆವುಂಟು,
ಇದಕ್ಕೆ ಎರಡೂ ಇಲ್ಲ.
ಅಗೆದರು. ಸೂಜಿಯಷ್ಟು ತೂತು.
ನೀರು ಮೇಲೆದ್ದು ಹಿಮದಲ್ಲಿ ಹಬೆಯಾಡಿತು.

ಅಂದಿನಿಂದ ಕಿವಿಗೆ ಕದವಿಲ್ಲ.
ಫ್ರಿಜ್ಜಿನ ಸ್ವಗತ, ಗಡಿಯಾರದ ಕುಂಟು,
ನಾನು ಅನ್ನ ನುಂಗುವುದು ಕೂಡ.
ಹಾಗಿದ್ದೂ ಒಂದು ರಜೆಯ ದಿನ ಬೆಳಗಿನ ನಾಲ್ಕೂವರೆಗೆ
ಧಡಕ್ಕನೆ ಎದ್ದು ಕೂತೆ. ಎಬ್ಬಿಸಿದ್ದು ಯಾವುದು?
ಎಲ್ಲವೂ ಇದ್ದಲ್ಲೇ ಇತ್ತು. ಒಂದು ಕಡಿಮೆ.

ಗೋಡೆಯಾಚೆಯ ಕೆಮ್ಮು.
ಮೂರು ವರ್ಷದಿಂದ ಇದೇ ಹೊತ್ತಿಗೆ, ಎರಡು ಸಲ,
ಆಮೇಲೆ ಗಂಟಲು ಸರಿಮಾಡಿಕೊಳ್ಳುವುದೊಂದು.
ಒಮ್ಮೆಯೂ ಕೇಳಿರಲಿಲ್ಲ.
ಇಲ್ಲದಾಗ ಕೇಳಿತು, ಮೂರು ವರ್ಷದ್ದೂ ಒಟ್ಟಿಗೆ.
ಅಂಚೆಡಬ್ಬಿಯ ಮೇಲೆ ಹೆಸರು ಕುಮಗಾಯಿ.
ಮುಖ ನೆನಪಾಗಲಿಲ್ಲ.

ಕೋಲು ತಂದು ಗೋಡೆಗೆ ಹಚ್ಚಿದೆ.
ಕದ್ದು ಕೇಳಬಾರದು, ಗೊತ್ತು.
ಸಿಮೆಂಟು. ವಯರಿನ ಜುಮ್ಮು. ನನ್ನ ನೆತ್ತರು.
ಹುಡುಕಬೇಡ ಹುಡುಕಬೇಡ ಅಂದುಕೊಳ್ಳುತ್ತಲೇ ಹುಡುಕಿದೆ.

ಹೊರಗೆ ಹಾಲಿನ ಗಾಡಿ ಬಂದು ಹೋದ ಮೇಲೆ
ಆ ಕಡೆ ಲೋಟದಲ್ಲಿ ಚಮಚ ತಿರುಗಿತು. ನಿಂತಿತು.
ಔಷಧಿಯೋ, ಸಕ್ಕರೆಯೋ.
ಮತ್ತೆ ಮೌನ. ಆದರೆ ಯಾರೋ ಇರುವ ಮೌನ,
ಬಹುಶಃ ಅಲ್ಲೂ ಒಂದು ಕಿವಿ, ಈ ಗೋಡೆಗೇ,
ಈ ಮನೆಯಲ್ಲಿ ಇವತ್ತೇನು ಕಡಿಮೆಯಾಗಿದೆ ಅಂತ.

ಕೋಲು ಕೆಳಗಿಟ್ಟೆ.
ಬೇಕೆಂದೇ, ಒಂದು ಸಲ, ಕೆಮ್ಮಿದೆ.