ಎಡಗೈಯ ಅಲಗು

ಗವ್ರಿಲನ ಕುಲುಮೆಗೆ ಹೋದ ದಿನ
ಹೊರಗೆ ಮೈನಸ್ ನಲವತ್ತೆಂಟು.
ವಿಲ್ಯುಯ್ ನದಿಯ ಮೇಲೆ ಲಾರಿಗಳು ಓಡಾಡುತ್ತಿದ್ದವು.
ಒಳಗೆ, ತಿದಿಯ ಬದಲು, ಹಳೆಯ ವ್ಯಾಕ್ಯೂಮ್ ಕ್ಲೀನರೊಂದು
ಗೊರಗೊರ ಎನ್ನುತ್ತ ಕೆಂಡಕ್ಕೆ ಗಾಳಿ ಊದುತ್ತಿತ್ತು.

"ಒಂದು ಚಾಕು ಬೇಕು," ಅಂದೆ.
"ಮಡಚುವಂಥದ್ದು ಬೇಡ. ಕೀಲಿದ್ದಲ್ಲಿ ಹಿಮ ಕೂರುತ್ತದೆ,
ಮೀನಿನ ಲೋಳೆ ಕೂರುತ್ತದೆ,
ಕೈಗವಸಿನಲ್ಲಿ ಅದರ ಬಾಯಿ ಬಿಡಿಸುವಷ್ಟರಲ್ಲಿ
ಹಸಿವೇ ಸತ್ತಿರುತ್ತದೆ.
ಹಿಡಿಯಿಂದ ಮೊನೆಯವರೆಗೆ ಎರಡು ಮಾತಿರಬಾರದು.
ಜೀವಮಾನ ಪೂರ್ತಿ ಬಾಳಬೇಕು."

ಗವ್ರಿಲ ನಗಲಿಲ್ಲ. ಕನ್ನಡಕ ಹಣೆಗೇರಿಸಿ ಕೇಳಿದ:
"ಯಾರ ಜೀವಮಾನ, ಅಕುಲೀನಾ?
ನಿನಗೆ ಅರವತ್ತಮೂರು, ನನಗೆ ಎಪ್ಪತ್ತು."

ಮೇಜಿನ ಮೇಲೆ ಮೂರು ಇಟ್ಟ.
ಮೊದಲನೆಯದು ಮದುಮಗನ ಹಾಗೆ ಥಳಥಳ,
ಹಿಡಿಗೆ ಮ್ಯಾಮತ್ ದಂತ.
"ಇದು ಪ್ರವಾಸಿಗರಿಗೆ," ಅಂದ. "ಗೋಡೆಗೆ ಒಳ್ಳೆಯದು."
ಎರಡನೆಯದು ಗಾಜನ್ನೂ ಗೀರುವಷ್ಟು ಗಡಸು.
"ಗಡಸೆಂದು ಮೋಸ ಹೋಗಬೇಡ.
ಜನವರಿಯಲ್ಲಿ ಮರಗಟ್ಟಿದ ಎಲುಬಿಗೆ ತಾಗಿದರೆ
ಮೊದಲು ಮುರಿಯುವುದು ಇಂಥದ್ದೇ.
ಬಗ್ಗಬೇಕು. ಬಗ್ಗಿದ್ದು ಮರಳಿ ಬರಬೇಕು."
ಮೂರನೆಯದು ಲಾರಿಯ ಸ್ಪ್ರಿಂಗ್ ಪಟ್ಟಿಯನ್ನು ಬಡಿದು ಮಾಡಿದ್ದು,
ಕಪ್ಪು, ಸುತ್ತಿಗೆಯ ಕಲೆ ಮೈಮೇಲೆ ಹಾಗೇ.
ಬರ್ಚ್ ಮರದ ಗಂಟಿನ ಹಿಡಿ,
ಹತ್ತು ದಿನ ಅಗಸೆ ಎಣ್ಣೆ ಕುಡಿದದ್ದು.
ಚಳಿಯಲ್ಲಿ ಕಬ್ಬಿಣ ಅಂಗೈ ಕಚ್ಚುತ್ತದೆ, ಮರ ಕಚ್ಚುವುದಿಲ್ಲ.

ಅಲ್ಲೇ ಬದಿಯಲ್ಲಿ ನಾಲ್ಕನೆಯದೊಂದಿತ್ತು,
ಸಾಣೆ ತಿಂದು ತಿಂದು ಹುಲ್ಲಿನೆಸಳಷ್ಟಾದದ್ದು,
ಬ್ರೆಡ್ಡಿನ ಪುಡಿ ಇನ್ನೂ ಅಂಟಿಕೊಂಡಿತ್ತು.
"ಅದು ನನ್ನದು," ಅಂದು ಸರಿಸಿದ.

ಮೂರನೆಯದನ್ನೇ ಎತ್ತಿದೆ.
ಅವನು ಚಾಕುವನ್ನಲ್ಲ, ನನ್ನ ಕೈಯನ್ನು ನೋಡಿದ.
"ಅದು ಬಲಗೈಯದು. ನೀನು ಎಡಚಿ."

ನಮ್ಮ ಚಾಕುವಿಗೆ ಎರಡು ಕೆನ್ನೆ, ಒಂದರಂತೆ ಒಂದಿಲ್ಲ:
ಒಂದು ಉಬ್ಬು, ಒಂದು ಚಪ್ಪಟೆ,
ಚಪ್ಪಟೆಯ ನಡುವೆ ತೊರೆಯಂಥ ತಗ್ಗು.
ಯಾವ ಕೈಗೆ ಯಾವ ಬದಿ ಎಂದು ಕೇಳಿಯೇ ಬಡಿಯಬೇಕು.
ಇದು ಗೊತ್ತಿಲ್ಲದವಳಲ್ಲ ನಾನು.
ಆದರೂ ಮೂವತ್ತೇಳು ಚಳಿಗಾಲ
ಇನ್ನೊಕೆಂಟಿಯ ಚಾಕುವಿನಲ್ಲೇ ಮೀನು ಹೆರೆದೆ.
ಮನೆಗೆ ಅದೊಂದೇ. ಅವನದು ಬಲಗೈ.
ಸುರುಳಿ ದಪ್ಪವಾದರೆ ಅತ್ತೆ
"ಎಡಚಿಯ ಕೈಗೆ ಮೀನು ಒಲಿಯದು" ಅನ್ನುತ್ತಿದ್ದಳು.
ನಂಬಿದೆ. ಮಣಿಕಟ್ಟು ತುಸು ತಿರುಚಿ,
ಮೊಣಕೈ ಎತ್ತಿ, ಸರಿಮಾಡಿಕೊಂಡೆ.

ಅವನು ಕೆಟ್ಟವನಲ್ಲ. ಕೇಳಲಿಲ್ಲ, ಅಷ್ಟೇ.
ನಾನೂ ಹೇಳಲಿಲ್ಲ.
ಹೋದ ವರ್ಷ ಮೊನೆ ಮುರಿದು
ಆ ಚಾಕುವನ್ನು ಅವನ ಜೊತೆಗೇ ಮಣ್ಣಿಗಿಟ್ಟರು.

ಮೂರು ವಾರ ಬಿಟ್ಟು ಬಾ ಅಂದ. ಹೋದೆ.
ಹಸುವಿನ ಬಾಲದ ತೊಗಲಿನ ಒರೆ,
ಒಳಗೆ ಎಡಗೈಯ ಅಲಗು.
ಅರ್ಧ ತಿಂಗಳ ಪಿಂಚಣಿ ಎಣಿಸಿ ಕೊಟ್ಟೆ,
ಚೌಕಾಸಿ ಮಾಡಲಿಲ್ಲ. ಅವನಿಗದು ಬೇಸರವಾದ ಹಾಗಿತ್ತು.

ಮನೆಗೆ ಬಂದು ಶೆಡ್ಡಿನಿಂದ ಮೀನು ತಂದೆ,
ಕೊರಡಿನಂಥದ್ದು, ಮೂತಿ ಕೆಳಗೆ ಮಾಡಿ
ಹಲಗೆಯ ಮೇಲೆ ನಿಲ್ಲಿಸಿ ಹೆರೆದೆ.

ಮೊದಲ ಎಳೆತಕ್ಕೇ ಅಲಗು ಜಾರಿತು.
ಮಣಿಕಟ್ಟು ತನ್ನ ಹಳೆಯ ತಿರುವನ್ನೇ ತಿರುಗಿತು,
ಇಲ್ಲದ ಓರೆಯನ್ನು ತಿದ್ದಲು ಹೋಗಿ
ಹೆಬ್ಬೆರಳು ಕೊಯ್ದಿತು.
ಬಿಳಿ ಮಾಂಸದ ಮೇಲೆ ನಾಲ್ಕು ಹನಿ,
ಬಿದ್ದಲ್ಲೇ ಗಟ್ಟಿ.

ಬೆರಳು ಬಾಯಲ್ಲಿಟ್ಟುಕೊಂಡು ನೋಡುತ್ತ ಕೂತೆ.
ಉಕ್ಕಿನದೇನೂ ತಪ್ಪಿಲ್ಲ.
ನೇರವಾಗಿದೆ. ಬಾಳುತ್ತದೆ.
ಗವ್ರಿಲನೂ ನಾನೂ ಹೋದಮೇಲೂ
ಯಾರದೋ ಎಡಗೈಗಾಗಿ ಕಾಯುವಷ್ಟು.

ಮೀನು ಬೆವರತೊಡಗಿತು.
ಬಟ್ಟೆ ಸುತ್ತಿ ಮತ್ತೆ ಹಿಡಿದೆ.
ಎರಡನೆಯ ಸುರುಳಿಯೂ ದಪ್ಪ.
ಮೂರನೆಯದೂ.
ಉಪ್ಪು ಮೆಣಸಿನಲ್ಲಿ ಹೊರಳಿಸಿ
ಅವನ್ನೂ ತಿಂದೆ.